ಸಹಾಯ ಬೇಕು: ಒಂದೇ ಗಟ್ ನಂಬರ್, ಇಬ್ಬರ ದ್ರಾಕ್ಷಿ, ಗ್ರೇಪ್‌ನೆಟ್ ನೋಂದಣಿ ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮದು ಸಾಂಗ್ಲಿ ಜಿಲ್ಲೆಯ ಜತ್ ತಾಲೂಕು. ಈ ಸಲ ದ್ರಾಕ್ಷಿ ಯುರೋಪಿಗೆ ಹೋಗಬೇಕು ಅಂತ ತುಂಬಾ ಆಸೆ ಇದೆ. ಅದಕ್ಕೆ ಅಪೇಡಾದ (ಕೇಂದ್ರ ಸರ್ಕಾರದ ಕೃಷಿ ರಫ್ತು ಸಂಸ್ಥೆ) ಗ್ರೇಪ್‌ನೆಟ್‌ನಲ್ಲಿ, ಅಂದರೆ ರಫ್ತು ದ್ರಾಕ್ಷಿಯ ಮೂಲ ಪತ್ತೆ ಹಚ್ಚುವ ಆನ್‌ಲೈನ್ ವ್ಯವಸ್ಥೆಯಲ್ಲಿ, ತೋಟ ನೋಂದಣಿ ಆಗಲೇಬೇಕು.

ತೊಡಕು ಇಲ್ಲೇ ಇದೆ. ಸಾತ್‌ಬಾರಾ ಉತಾರ (ನಮ್ಮ ಕಡೆಯ ಪಹಣಿ) ಇನ್ನೂ ಅಪ್ಪನ ಹೆಸರಲ್ಲಿದೆ, ಗಟ್ ನಂಬರ್ (ಜಮೀನಿನ ಸರ್ವೆ ನಂಬರ್ ಇದ್ದ ಹಾಗೆ) ಒಂದೇ. ತೋಟ ಮಾತ್ರ ಅಣ್ಣ ಮತ್ತು ನಾನು ಬೇರೆ ಬೇರೆ ಮಾಡುತ್ತೇವೆ. ಚಾಟ್ನಿ (ಬಳ್ಳಿ ಸವರುವ) ದಿನ ಬೇರೆ, ಹೊಡೆಯುವ ಔಷಧಿಯೂ ಬೇರೆ. ಕೊಯ್ಲಿಗೆ ಮುಂಚೆ ಲ್ಯಾಬಿನವರು ಪ್ಲಾಟಿನಿಂದ ಸ್ಯಾಂಪಲ್ ಒಯ್ದು ಔಷಧಿ ಉಳಿಕೆ ನೋಡುತ್ತಾರೆ. ಎರಡೂ ಒಂದೇ ನೋಂದಣಿಯಲ್ಲಿದ್ದು ಒಬ್ಬರ ಕಡೆ ಮಿತಿ ಮೀರಿದರೆ ಇಬ್ಬರ ಮಾಲೂ ನಿಲ್ಲುತ್ತದೆ, ಅಲ್ವಾ? ಪೆಟ್ಟಿಗೆ ಮೇಲಿನ ನಂಬರ್ ಹಿಡಿದರೆ ಪ್ಯಾಕ್‌ಹೌಸ್ ದಾಟಿ ಸೀದಾ ಪ್ಲಾಟಿನ ತನಕ ಬರಬಹುದು. ಒಳ್ಳೆಯ ವ್ಯವಸ್ಥೆಯೇ. ಆದರೆ ಯಾರ ಬಳ್ಳಿಯ ಹಣ್ಣು ಅನ್ನೋದು ಅದರಲ್ಲಿ ಸರಿಯಾಗಿ ಕಾಣಬೇಕು.

ಒಂದೇ ಉತಾರದ ಮೇಲೆ ಎರಡು ಪ್ಲಾಟ್ ಬೇರೆ ಬೇರೆ ಮಾಡಿಸಿದವರು ಯಾರಾದರೂ ಇದ್ದೀರಾ? ಅಪ್ಪನ ಸಮ್ಮತಿ ಪತ್ರ ಸಾಕಾ, ವಾಟ್ನಿ (ಜಮೀನಿನ ಪಾಲು) ಆಗಲೇಬೇಕಾ? ಔಷಧಿ ಹೊಡೆದ ದಿನ, ಹೆಸರು, ಪ್ರಮಾಣ ಎಲ್ಲ ವಹಿಯಲ್ಲಿ ಕನ್ನಡದಲ್ಲೇ ಬರೆದಿಡುತ್ತಿದ್ದೇನೆ. ಅದು ನಡೆಯುತ್ತದಾ, ಮರಾಠಿಯಲ್ಲೇ ಬೇಕಾ? ನಿಮ್ಮ ವಹಿಯ ಒಂದು ಪುಟದ ಫೋಟೋ ಹಾಕಿದರೆ ದೊಡ್ಡ ಉಪಕಾರ.