ಒಬ್ಬರೇ ಆಡೋ ಗೇಮ್‌ಗೂ ಸದಾ ನೆಟ್ ಬೇಕಾ? ಕೊಳ್ಳೋ ಮುಂಚೆ ಪತ್ತೆ ಮಾಡೋದು ಹೇಗೆ?

ಮಲೆನಾಡ್_ಪಿಂಗ್ (ಪ್ರಶ್ನೆ)

ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ. ಮನೆಗೆ 100 ಎಂಬಿಪಿಎಸ್ ಫೈಬರ್ ಇದೆ, ಇದ್ದಾಗ ಚೆನ್ನಾಗೇ ಇರುತ್ತೆ. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಕಿತ್ತುಹೋದ್ರೆ ಎರಡು ಮೂರು ದಿನ ಸುದ್ದಿಯಿಲ್ಲ. ಕರೆಂಟ್ ಕಥೆ ಬೇರೆ ಹೇಳಬೇಕಾಗಿಲ್ಲ.

ನಾನು ಆಡೋದು ಸಿಂಗಲ್ ಪ್ಲೇಯರ್ ಮಾತ್ರ. ಲ್ಯಾಪ್‌ಟಾಪ್‌ನಲ್ಲಿ ಸ್ಟೀಮ್ (ಗೇಮ್ ಕೊಂಡು ಆಡೋ ಆನ್‌ಲೈನ್ ಅಂಗಡಿ) ಇದೆ, ತಮ್ಮನ ಪಿಎಸ್5 (ಪ್ಲೇಸ್ಟೇಶನ್ 5 ಕನ್ಸೋಲ್) ಇದೆ. ಪಟ್ಟಿಯಲ್ಲಿರೋದು ಡಯಾಬ್ಲೊ 4, ಹಿಟ್‌ಮ್ಯಾನ್ ವರ್ಲ್ಡ್ ಆಫ್ ಅಸಾಸಿನೇಶನ್, ಎಲ್ಡನ್ ರಿಂಗ್, ಗ್ರಾನ್ ಟುರಿಸ್ಮೊ 7, ಒಂದು ಫೋರ್ಜಾ. ಇವುಗಳಲ್ಲಿ ಲೈನ್ ಹೋದಾಗಲೂ ನಡೆಯೋದು ಯಾವುದು? ಹೊಸ ಗೇಮ್ ತಗೊಳ್ಳುವಾಗ ಇದನ್ನ ಮೊದಲೇ ತಿಳಿಯೋಕೆ ದಾರಿ ಇದೆಯಾ? ರೂಟರ್‌ಗೆ ಸಣ್ಣ ಯುಪಿಎಸ್ ಹಾಕಿದ್ರೆ ಪ್ರಯೋಜನ ಉಂಟಾ?

ಕೀಲಿಮಣೆ

‘ನೆಟ್ ಬೇಕು’ ಅನ್ನೋದರಲ್ಲಿ ಮೂರು ಥರ ಇದೆ. ಮೂರನ್ನೂ ಒಂದೇ ಅಂತ ತಿಳ್ಕೊಂಡ್ರೆ ಆಡಬಹುದಾದ ಗೇಮ್ ಬಿಟ್ಟು ಆಡಲಾಗದ್ದನ್ನ ಕೊಳ್ತೀರಿ.

ಮೊದಲನೇದು, ಒಂದು ಸಲ ಆಕ್ಟಿವೇಶನ್. ಸ್ಟೀಮ್‌ನಲ್ಲಿ ಸಿಗೋ ಹೆಚ್ಚಿನ ಸಿಂಗಲ್ ಪ್ಲೇಯರ್ ಗೇಮ್‌ಗಳು ಹೀಗೇ. ಡೆನುವೊ ಅನ್ನೋ ನಕಲು ತಡೆಯೋ ಬೀಗ ಇರೋವು ಕೂಡ ಬಹುಪಾಲು ಇದೇ ಗುಂಪು: ಮೊದಲ ಸಲ ಓಡಿಸಿದಾಗ ಸರ್ವರ್‌ನಿಂದ ಒಂದು ಟೋಕನ್ ತಂದು ಡಿಸ್ಕ್‌ನಲ್ಲಿ ಇಡುತ್ತೆ, ಆಮೇಲೆ ಅದನ್ನೇ ನೋಡ್ಕೊಂಡು ಓಡುತ್ತೆ. ಆದರೆ ಆ ಟೋಕನ್ ನಿಮ್ಮ ಹಾರ್ಡ್‌ವೇರ್‌ಗೂ ವಿಂಡೋಸ್‌ಗೂ ಅಂಟಿಕೊಂಡಿರುತ್ತೆ. ಗೇಮ್‌ಗೆ ಪ್ಯಾಚ್ (ತಿದ್ದುಪಡಿಯ ಅಪ್‌ಡೇಟ್) ಬಂತು, ವಿಂಡೋಸ್‌ನ ದೊಡ್ಡ ಅಪ್‌ಡೇಟ್ ಆಯ್ತು ಅಂದ್ರೆ ಹೊಸ ಟೋಕನ್ ಕೇಳಬಹುದು. ಅಪ್‌ಡೇಟ್ ಆದ ರಾತ್ರಿಯೇ ಲೈನ್ ಹೋದ್ರೆ ಮುಗೀತು. ಲಿನಕ್ಸ್‌ನಲ್ಲಿ ಆಡೋರು ಪ್ರೋಟಾನ್ (ವಿಂಡೋಸ್ ಗೇಮ್‌ಗಳನ್ನ ಲಿನಕ್ಸ್‌ನಲ್ಲಿ ಓಡಿಸೋ ತಂತ್ರಾಂಶ) ಆವೃತ್ತಿ ಪದೇ ಪದೇ ಬದಲಿಸಬೇಡಿ, ಪ್ರತಿಯೊಂದೂ ಹೊಸ ಮಷಿನ್ ಅಂತ ಲೆಕ್ಕಕ್ಕೆ ಬಂದು 24 ಗಂಟೆ ಬಾಗಿಲು ಮುಚ್ಚುತ್ತೆ.

ಎರಡನೇದು, ಆಗಾಗ ಹಾಜರಿ ಹಾಕೋದು. ಡಯಾಬ್ಲೊ 2 ರಿಸರೆಕ್ಟೆಡ್‌ನ ಆಫ್‌ಲೈನ್ ಪಾತ್ರಗಳಿಗೆ 30 ದಿನಕ್ಕೊಮ್ಮೆ ಲಾಗಿನ್ ಬೇಕು. ಗೇಮ್ ಪಾಸ್ (ಮೈಕ್ರೋಸಾಫ್ಟ್‌ನ ಚಂದಾ ಸೇವೆ) ಗೇಮ್‌ಗಳಿಗೂ 30 ದಿನದ ಮಿತಿ ಇದೆ. ನಿಮ್ಮ ಎರಡು ಮೂರು ದಿನದ ಸಮಸ್ಯೆಗೆ ಇವು ಅಡ್ಡಿಯಲ್ಲ.

ಮೂರನೇದು ನೀವು ಹೆದರಬೇಕಾದ್ದು, ಆಡ್ತಾ ಇರೋಷ್ಟು ಹೊತ್ತೂ ಸಂಪರ್ಕ ಬೇಕು ಅನ್ನೋದು. ಇದರಲ್ಲೂ ನಿಜವಾಗಿ ಬೇಕಾದದ್ದು, ಬೇಕು ಅಂತ ಮಾಡಿದ್ದು ಅಂತ ಎರಡಿವೆ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನ ಭೂಪಟ ದತ್ತಾಂಶ 2 ಪೆಟಾಬೈಟ್ ಮೀರಿದ್ದು, ಅದನ್ನ ಮನೆ ಡಿಸ್ಕ್‌ನಲ್ಲಿ ಇಡೋಕಾಗಲ್ಲ. ಹಾರೋ ಜಾಗದ ಚಿತ್ರವನ್ನ ಆಗಿಂದಾಗ್ಗೆ ತರಿಸ್ಕೊಳ್ಳುತ್ತೆ. ಅದರಲ್ಲೂ ನೆಟ್ ತೆಗೆದ್ರೆ ಸಾಧಾರಣ ನೆಲ ತೋರಿಸ್ಕೊಂಡು ಹಾರಾಟ ಮುಂದುವರಿಯುತ್ತೆ. ಊರು ಕಟ್ಟೋ ಗೇಮ್ ಸಿಮ್‌ಸಿಟಿ 2013 ಇದಕ್ಕೆ ಉಲ್ಟಾ. ಲೆಕ್ಕಾಚಾರದ ಒಂದು ಭಾಗ ನಮ್ಮ ಸರ್ವರ್‌ನಲ್ಲೇ ನಡೆಯುತ್ತೆ ಅಂತ ಅದನ್ನ ಮಾಡಿದ ಮ್ಯಾಕ್ಸಿಸ್ ಹೇಳಿತ್ತು. ಕೆಲವೇ ದಿನದಲ್ಲಿ ಒಬ್ಬ ಮಾಡರ್ (ಗೇಮ್‌ನ ಕೋಡ್ ತಿದ್ದೋ ಹವ್ಯಾಸಿ) ಸಂಪರ್ಕ ಕಡಿದರೂ ಊರು ಬೆಳೀತಾನೇ ಇರೋದನ್ನ ತೋರಿಸಿದ. 2014ರ ಮಾರ್ಚ್‌ನಲ್ಲಿ ಅವರೇ ಆಫ್‌ಲೈನ್ ಮೋಡ್ ಕೊಟ್ರು. ಡಯಾಬ್ಲೊ 3 ಪಿಸಿಯಲ್ಲಿ ಇವತ್ತಿಗೂ ಆನ್‌ಲೈನ್ ಮಾತ್ರ, ಅದೇ ಗೇಮ್ 2013ರಲ್ಲಿ ಕನ್ಸೋಲ್‌ಗೆ ಬಂದಾಗ ಆಫ್‌ಲೈನ್ ಓಡ್ತು. ಹಾಗಾಗಿ ‘ತಾಂತ್ರಿಕ ಅನಿವಾರ್ಯ’ ಅಂದ ತಕ್ಷಣ ನಂಬೋ ಅಗತ್ಯ ಇಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: ಸೇವ್ ಫೈಲ್ ಎಲ್ಲಿದೆ? ನಿಮ್ಮ ಡಿಸ್ಕ್‌ನಲ್ಲಿದ್ರೆ ಏನಾದ್ರೂ ದಾರಿ ಇರುತ್ತೆ. ಅವರ ಸರ್ವರ್‌ನಲ್ಲಿದ್ರೆ ಲೈನ್ ಹೋದ ಕ್ಷಣಕ್ಕೆ ಆಟ ನಿಂತಂತೆ.

ನಿಮ್ಮ ಪಟ್ಟಿಗೆ ಬಂದ್ರೆ,

ಡಯಾಬ್ಲೊ 4: ಪಿಸಿ, ಕನ್ಸೋಲ್ ಎರಡರಲ್ಲೂ ಸದಾ ಆನ್‌ಲೈನ್. ಬಿಡಿ.

ಎಲ್ಡನ್ ರಿಂಗ್: ಪೂರ್ತಿ ಆಫ್‌ಲೈನ್ ಆಡಬಹುದು. ಆದರೆ ಆನ್‌ಲೈನ್ ಮೋಡ್‌ನಲ್ಲಿ ಶುರು ಮಾಡಿ ಮಧ್ಯೆ ಲೈನ್ ಹೋದ್ರೆ ಟೈಟಲ್ ಸ್ಕ್ರೀನ್‌ಗೆ ಎಸೆಯುತ್ತೆ, ಬಾಸ್ ಮುಂದೆ ನಿಂತಿದ್ರೂ ಅಷ್ಟೇ. ಮಳೆಗಾಲದಲ್ಲಿ ಸಿಸ್ಟಮ್ ಮೆನುವಿನ ನೆಟ್‌ವರ್ಕ್ ಭಾಗಕ್ಕೆ ಹೋಗಿ, ಲಾಂಚ್ ಸೆಟ್ಟಿಂಗ್‌ನಲ್ಲಿ ‘ಪ್ಲೇ ಆಫ್‌ಲೈನ್’ ಇಟ್ಟುಬಿಡಿ.

ಹಿಟ್‌ಮ್ಯಾನ್: ಇದು ಅರ್ಧಂಬರ್ಧ. ಮಿಷನ್ ಆಫ್‌ಲೈನ್ ಓಡುತ್ತೆ, ಆದರೆ ಮಾಸ್ಟರಿ (ಆಡಿದಷ್ಟೂ ಹೆಚ್ಚೋ ಮಟ್ಟ) ಏರಲ್ಲ, ಹೊಸ ಸಾಮಾನು ತೆರೆಯಲ್ಲ. ಆನ್‌ಲೈನ್‌ನಲ್ಲಿ ಮಾಡಿದ ಸೇವ್ ಆಫ್‌ಲೈನ್‌ನಲ್ಲಿ ತೆರೆಯೋದೂ ಇಲ್ಲ. ಈ ಕಾರಣಕ್ಕೇ 2021ರಲ್ಲಿ ಮೊದಲ ಹಿಟ್‌ಮ್ಯಾನ್ (2016) ಇಂಥ ಬೀಗ ಇಲ್ಲದ ಗೇಮ್ ಮಾರ್ತೀವಿ ಅನ್ನೋ ಜಿಒಜಿ ಅಂಗಡಿಗೆ ಬಂದಾಗ ಜನ ಗಲಾಟೆ ಮಾಡಿ, ಕೊನೆಗೆ ಅಲ್ಲಿಂದ ತೆಗೆದ್ರು.

ಫೋರ್ಜಾದಲ್ಲಿ ಹೊರೈಜನ್ 5 ತಗೊಳ್ಳಿ, ಒಬ್ಬರೇ ಆಫ್‌ಲೈನ್ ಆಡಬಹುದು. 2023ರ ಫೋರ್ಜಾ ಮೋಟಾರ್‌ಸ್ಪೋರ್ಟ್‌ನ ಕರಿಯರ್‌ಗೆ ಸಂಪರ್ಕ ಬೇಕು. ಹೆಸರು ಹತ್ತಿರ ಇರೋದ್ರಿಂದ ಗೊಂದಲ ಮಾಡ್ಕೋಬೇಡಿ. ಗ್ರಾನ್ ಟುರಿಸ್ಮೊ ಬಗ್ಗೆ ಕನ್ಸೋಲ್‌ನವರು ಯಾರಾದ್ರೂ ಹೇಳಲಿ.

ಕೀಲಿಮಣೆ

ಪತ್ತೆ ಮಾಡೋ ವಿಧಾನ ಬರೆಯೋದು ಬಿಟ್ಟುಹೋಯ್ತು. ಸ್ಟೀಮ್ ಪುಟದ ಸಿಸ್ಟಮ್ ರಿಕ್ವೈರ್‌ಮೆಂಟ್‌ನಲ್ಲಿರೋ ‘ನೆಟ್‌ವರ್ಕ್: ಬ್ರಾಡ್‌ಬ್ಯಾಂಡ್’ ಸಾಲು ನೋಡಿ ಏನೂ ತೀರ್ಮಾನ ಮಾಡಬೇಡಿ, ಒಬ್ಬರೇ ಆಫ್‌ಲೈನ್ ಆಡಬಹುದಾದ, ಮಲ್ಟಿಪ್ಲೇಯರ್ ಕೂಡ ಇರೋ ಗೇಮ್‌ಗೂ ಅದನ್ನೇ ಹಾಕಿರ್ತಾರೆ. ಬಲಗಡೆಯ ಪಟ್ಟಿಯಲ್ಲಿ ಥರ್ಡ್ ಪಾರ್ಟಿ ಡಿಆರ್‌ಎಂ (ಬೇರೆ ಕಂಪನಿಯ ನಕಲು ತಡೆಯೋ ಬೀಗ), ಥರ್ಡ್ ಪಾರ್ಟಿ ಅಕೌಂಟ್ ಅಂತ ಬೇರೆ ಡಬ್ಬಿ ಇದೆಯಾ ನೋಡಿ. ಪಿಸಿ ಗೇಮಿಂಗ್ ವಿಕಿಯಲ್ಲಿ ಪ್ರತಿ ಗೇಮ್‌ಗೂ ಡಿಆರ್‌ಎಂ ವಿವರ, ಸೇವ್ ಫೈಲ್ ಇರೋ ಫೋಲ್ಡರ್ ಎರಡೂ ಸಿಗುತ್ತೆ. ಫೋಲ್ಡರ್ ಜಾಗ ಖಾಲಿ ಇದ್ರೆ ಅನುಮಾನ ಪಡಿ.

ಕೊಂಡ ಮೇಲೆ ಅವತ್ತೇ ಪರೀಕ್ಷೆ ಮಾಡಿ. ಸ್ಟೀಮ್ ರಿಫಂಡ್‌ಗೆ 14 ದಿನದ ಒಳಗೆ, 2 ಗಂಟೆಗಿಂತ ಕಡಿಮೆ ಆಡಿರಬೇಕು. ಗೇಮ್ ಪೂರ್ತಿ ಅಪ್‌ಡೇಟ್ ಆಗಲಿ, ಒಂದು ಸಲ ಶುರು ಮಾಡಿ ಮೊದಲ ಸೇವ್‌ವರೆಗೆ ಆಡಿ. ಆಡ್ತಾ ಇರುವಾಗಲೇ ವೈಫೈ ತೆಗೆಯಿರಿ. ತಕ್ಷಣ ಏನೂ ಆಗಲಿಲ್ಲ ಅಂತ ಖುಷಿಪಡಬೇಡಿ, 30 ನಿಮಿಷ ಹಾಗೇ ಆಡಿ. ಸಿಮ್‌ಸಿಟಿ ಹೊರಗೆ ಹಾಕ್ತಾ ಇದ್ದಿದ್ದು ಸುಮಾರು 20 ನಿಮಿಷ ಆದ ಮೇಲೆ. ಆಮೇಲೆ ಸೇವ್ ಮಾಡಿ, ಗೇಮ್ ಮುಚ್ಚಿ. ಸ್ಟೀಮ್ ಮೆನುವಿನಲ್ಲಿ ‘ಗೋ ಆಫ್‌ಲೈನ್’ ಒತ್ತಿ, ಲ್ಯಾಪ್‌ಟಾಪ್ ರೀಸ್ಟಾರ್ಟ್ ಮಾಡಿ, ಮತ್ತೆ ಗೇಮ್ ತೆರೆದು ಅದೇ ಸೇವ್ ಲೋಡ್ ಆಗುತ್ತಾ ನೋಡಿ. ಇಷ್ಟಕ್ಕೆ ಒಂದು ಗಂಟೆ ಸಾಕು, ರಿಫಂಡ್ ಅವಧಿ ಕೈಯಲ್ಲೇ ಇರುತ್ತೆ.

ಎರಡು ಕಡೆ ಎಡವೋದು ಸಾಮಾನ್ಯ. ಒಂದು, ಅಪ್‌ಡೇಟ್ ಅರ್ಧ ಆಗಿದ್ದಾಗ ಲೈನ್ ಹೋದ್ರೆ ‘ಪ್ಲೇ’ ಬದಲು ‘ಅಪ್‌ಡೇಟ್’ ಬಟನ್ ಕೂತಿರುತ್ತೆ, ಆಫ್‌ಲೈನ್‌ನಲ್ಲಿ ಅದನ್ನ ದಾಟೋಕಾಗಲ್ಲ. ಆಟೊಮ್ಯಾಟಿಕ್ ಅಪ್‌ಡೇಟ್ ಅನ್ನು ‘ಗೇಮ್ ಶುರು ಮಾಡಿದಾಗ ಮಾತ್ರ’ ಅಂತ ಇಡಿ. ಇನ್ನೊಂದು, ಲೈನ್ ವಾಪಸ್ ಬಂದಾಗ ಬರೋ ಕ್ಲೌಡ್ ಸೇವ್ ತಕರಾರಿನ ಡಬ್ಬಿ. ದಿನಾಂಕ, ಸಮಯ ಓದಿ ಹೊಸದನ್ನ ಆರಿಸಿ. ಆತುರದಲ್ಲಿ ಕ್ಲೌಡ್ ಅಂತ ಒತ್ತಿದ್ರೆ ಮೂರು ದಿನದ ಆಟ ಒಂದೇ ಕ್ಲಿಕ್ಕಿಗೆ ಹೋಗುತ್ತೆ.

ಹಳೇ_ಡಿಸ್ಕ್

ಕನ್ಸೋಲ್ ಕಡೆಯಿಂದ. ಗ್ರಾನ್ ಟುರಿಸ್ಮೊ 7ರಲ್ಲಿ ನೆಟ್ ಇಲ್ಲದೆ ಸಿಗೋದು ಮ್ಯೂಸಿಕ್ ರ್‍ಯಾಲಿ, ಸೀಮಿತ ಕಾರುಗಳ ಆರ್ಕೇಡ್ ರೇಸ್, ಅಷ್ಟೇ. ಮುಖ್ಯ ಆಟ ಸರ್ವರ್‌ನಲ್ಲೇ ಸೇವ್ ಆಗುತ್ತೆ, ಮೋಸ ತಡೆಯೋಕೆ ಹೀಗೆ ಮಾಡಿದ್ದೀವಿ ಅಂತ ನಿರ್ಮಾಪಕ ಕಜುನೊರಿ ಯಮೌಚಿಯವರೇ ಹೇಳಿದ್ರು. 2022ರ ಮಾರ್ಚ್‌ನಲ್ಲಿ 1.07 ಅಪ್‌ಡೇಟ್ ಎಡವಟ್ಟಾಗಿ ಸರ್ವರ್ 30 ಗಂಟೆಗೂ ಹೆಚ್ಚು ಹೊತ್ತು ಮುಚ್ಚಿತ್ತು, ಆವಾಗ ಮನೆಯಲ್ಲಿ ಗಿಗಾಬಿಟ್ ಲೈನ್ ಇದ್ದವರೂ ಸುಮ್ಮನೆ ಕೂತಿದ್ರು. ನಿಮ್ಮ ಲೈನ್ ಸರಿ ಇದ್ರೆ ಸಾಲದು ಅನ್ನೋದಕ್ಕೆ ಇದು ಉದಾಹರಣೆ.

ಪಿಎಸ್5 ತಮ್ಮನದು ಅಂದ್ರಲ್ಲ, ಇಲ್ಲೊಂದು ಗಮನಿಸಿ. ನಿಮ್ಮ ಅಕೌಂಟ್‌ನಲ್ಲಿ ಕೊಂಡ ಡಿಜಿಟಲ್ ಗೇಮ್ ಆಫ್‌ಲೈನ್ ಓಡಬೇಕಾದ್ರೆ ಆ ಪೆಟ್ಟಿಗೆಯಲ್ಲಿ ನಿಮ್ಮ ಅಕೌಂಟ್‌ಗೆ ‘ಕನ್ಸೋಲ್ ಶೇರಿಂಗ್ ಅಂಡ್ ಆಫ್‌ಲೈನ್ ಪ್ಲೇ’ ಎನೇಬಲ್ ಆಗಿರಬೇಕು. ಸೆಟ್ಟಿಂಗ್ಸ್, ಯೂಸರ್ಸ್ ಅಂಡ್ ಅಕೌಂಟ್ಸ್, ಅದರ್‍ ಅಂತ ಹೋದ್ರೆ ಸಿಗುತ್ತೆ. ಒಂದು ಅಕೌಂಟ್‌ಗೆ ಒಂದೇ ಪಿಎಸ್5. ಇದನ್ನ ಮಾಡದೇ ಇದ್ರೆ ಲೈನ್ ಹೋದಾಗ ಗೇಮ್ ಮೇಲೆ ಬೀಗದ ಗುರುತು ಬರುತ್ತೆ, ಜನ ಗೇಮೇ ಆನ್‌ಲೈನ್ ಕೇಳ್ತಿದೆ ಅಂದ್ಕೊಳ್ತಾರೆ. ಡಿಸ್ಕ್‌ಗೆ ಈ ತಾಪತ್ರಯ ಇಲ್ಲ. ಬಿಚ್ಚಿ ಹಾಕೋ ಡಿಸ್ಕ್ ಡ್ರೈವ್ ಇರೋ ಮಾಡೆಲ್ ಆದ್ರೆ ಡ್ರೈವ್ ಜೋಡಿಸುವಾಗ ಒಂದು ಸಲ ಮಾತ್ರ ನೆಟ್ ಬೇಕು.

ಪ್ಲೇಸ್ಟೇಶನ್ ಸ್ಟೋರ್ ಪುಟದಲ್ಲಿ ‘ಆನ್‌ಲೈನ್ ಪ್ಲೇ ರಿಕ್ವೈರ್ಡ್’, ‘ಆನ್‌ಲೈನ್ ಪ್ಲೇ ಆಪ್ಷನಲ್’ ಅಂತ ಬರೆದಿರ್ತಾರೆ. ಬೆಲೆ ನೋಡೋ ಮುಂಚೆ ಅದನ್ನ ಓದಿ.

ಇನ್ನು, ಲೈನ್ ಹೋದ್ರೆ ವಾಪಸ್ ಬರುತ್ತೆ, ಸರ್ವರ್ ಮುಚ್ಚಿದ್ರೆ ಬರಲ್ಲ. ಯೂಬಿಸಾಫ್ಟ್‌ನ ದಿ ಕ್ರೂ 2014ರಲ್ಲಿ ಬಂದು 2024ರ ಮಾರ್ಚ್ 31ಕ್ಕೆ ನಿಂತಿತು. ಒಬ್ಬರೇ ಆಡೋ ಕಥೆಯೂ ಅದರೊಂದಿಗೇ ಹೋಯ್ತು, ಡಿಸ್ಕ್ ಇಟ್ಕೊಂಡವರಿಗೂ ಪ್ಲಾಸ್ಟಿಕ್ ಮಾತ್ರ ಉಳೀತು. ಅಲ್ಲಿಂದಲೇ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿ ಹುಟ್ಟಿದ್ದು. ಯುರೋಪಿಯನ್ ಒಕ್ಕೂಟದ ನಾಗರಿಕ ಅರ್ಜಿಗೆ ಬೇಕಾದ 10 ಲಕ್ಷ ಸಹಿ 2025ರ ಜುಲೈನಲ್ಲಿ ದಾಟಿತು. ಮಾಡಿದ್ರೆ ಆಗುತ್ತೆ ಅನ್ನೋದಕ್ಕೂ ಸಾಕ್ಷಿ ಇದೆ: ಗ್ರಾನ್ ಟುರಿಸ್ಮೊ ಸ್ಪೋರ್ಟ್ ಸರ್ವರ್ 2024ರ ಜನವರಿ 31ಕ್ಕೆ ಮುಚ್ಚುವ ಮುಂಚೆ ಒಬ್ಬರೇ ಆಡೋ ಭಾಗ ಉಳಿಯೋ ಹಾಗೆ ಅಪ್‌ಡೇಟ್ ಕೊಟ್ಟರು. ರೆಡ್‌ಫಾಲ್‌ಗೂ 2024ರ ಕೊನೆಯ ಅಪ್‌ಡೇಟ್‌ನಲ್ಲಿ ಆಫ್‌ಲೈನ್ ಮೋಡ್ ಬಂತು, ಆಡೋರು ಉಳಿದಿರಲಿಲ್ಲ ಅನ್ನೋದು ಬೇರೆ ಮಾತು.

ಕೆಂಪು_ಲಾಸ್_ಲೈಟ್

ಲೈನ್ ವಿಷಯ ನಾನು ಹೇಳ್ತೀನಿ. ಕಡಿತ ಎಲ್ಲಿ ಆಗ್ತಿದೆ ಅಂತ ಮೊದಲು ಗೊತ್ತಾಗಲಿ. ಎರಡು ಕಮಾಂಡ್ ಪ್ರಾಂಪ್ಟ್ ಕಿಟಕಿ ತೆರೆದು ನಿಲ್ಲದೆ ಪಿಂಗ್ (ಆಚೆಯಿಂದ ಉತ್ತರ ಬರುತ್ತಾ ಅಂತ ನೋಡೋ ಕಮಾಂಡ್) ಓಡಿಸಿ, ಒಂದರಲ್ಲಿ ರೂಟರ್ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1), ಇನ್ನೊಂದರಲ್ಲಿ 8.8.8.8ಕ್ಕೆ (ಹೊರಗಿನ ಗೂಗಲ್ ಸರ್ವರ್). ಎರಡೂ ಒಟ್ಟಿಗೆ ಟೈಮ್‌ಔಟ್ ಆದ್ರೆ ನಿಮ್ಮ ವೈಫೈ ದೋಷ, ಕೇಬಲ್ ಹಾಕಿದ್ರೆ ಸರಿಹೋಗುತ್ತೆ. ಎರಡನೇದು ಮಾತ್ರ ಹೋದ್ರೆ ಹೊರಗಿನ ಲೈನ್. ಫೈಬರ್ ಡಬ್ಬಿಯಲ್ಲಿ ಪಿಒಎನ್ (ಫೈಬರ್ ಸಂಪರ್ಕದ) ದೀಪ ಹಸಿರಾಗಿ ನಿಂತಿರಬೇಕು. ಎಲ್‌ಒಎಸ್ ಕೆಂಪಗೆ ಮಿನುಗ್ತಿದ್ರೆ ಬೆಳಕೇ ಬರ್ತಿಲ್ಲ ಅಂತ ಅರ್ಥ, ರೂಟರ್ ಎಷ್ಟು ಸಲ ಆಫ್ ಆನ್ ಮಾಡಿದ್ರೂ ಅಷ್ಟೇ. ಹಾಗೇ ಡಬ್ಬಿ ಹಿಂದೆ ಹಳದಿ ವೈರ್ ಗೋಡೆ ಮೂಲೆಯಲ್ಲಿ ಚೂಪಾಗಿ ಮಡಚಿಕೊಂಡಿದೆಯಾ ನೋಡಿ.

ಯುಪಿಎಸ್ ಹಾಕಿ, ಕರೆಂಟ್ ಹೋದಾಗ ಪ್ರಯೋಜನ ಇದೆ. ಅಡಾಪ್ಟರ್ ಮೇಲೆ ಬರೆದಿರೋದನ್ನ ಓದಿ: ಹೆಚ್ಚಿನವು 12 ವೋಲ್ಟ್, 1 ಅಥವಾ 1.5 ಆಂಪ್. ಯುಪಿಎಸ್ ವೋಲ್ಟ್ ಅಷ್ಟೇ ಇರಬೇಕು, ಆಂಪ್ ಅಷ್ಟು ಅಥವಾ ಜಾಸ್ತಿ. ಪಿನ್ ಸೈಜ್ 5.5 x 2.1 ಮತ್ತು 5.5 x 2.5 ಮಿ.ಮೀ. ಎರಡು ಬರುತ್ತೆ. ಕಣ್ಣಿಗೆ ಒಂದೇ ಥರ ಕಂಡ್ರೂ ತಪ್ಪು ಪಿನ್ ಕೂರದೇ ಇರಬಹುದು, ಇಲ್ಲಾ ಸಡಿಲವಾಗಿ ಕೂತು, ಮೇಜು ಅಲುಗಿದ್ರೆ ರೂಟರ್ ರೀಸ್ಟಾರ್ಟ್ ಆಗುತ್ತೆ. 2000 ಎಂಎಎಚ್‌ನ ಮೂರು ಸೆಲ್ ಇದ್ರೆ ಸುಮಾರು 22 ವ್ಯಾಟ್‌ಅವರ್; 8 ವ್ಯಾಟ್ ಎಳೆಯೋ ಡಬ್ಬಿಗೆ, ನಷ್ಟ ಕಳೆದು ಎರಡು ಗಂಟೆ ಚಿಲ್ಲರೆ. ಫೈಬರ್ ಡಬ್ಬಿ, ರೂಟರ್ ಬೇರೆ ಬೇರೆ ಇದ್ರೆ ಎರಡಕ್ಕೂ ಕೊಡಬೇಕು. ಪಿಎಸ್5 ಇದರಲ್ಲಿ ಓಡಲ್ಲ, ಅದಕ್ಕೆ ಮನೆ ಇನ್ವರ್ಟರ್ ಬೇಕು.

ಕರೆಂಟ್ ಹೋದಾಗ ನಿಮ್ಮ ಡಬ್ಬಿ ಆನ್ ಇದ್ದೂ ನೆಟ್ ಬರದಿದ್ರೆ ಆಚೆ ತುದಿಯಲ್ಲಿ ಬ್ಯಾಟರಿ ಇಲ್ಲ ಅಂತ. ಅದಕ್ಕೆ ಮನೆಯಲ್ಲಿ ಮದ್ದಿಲ್ಲ.

ಇನ್ನೊಂದು ಸಣ್ಣ ವಿಷಯ. ಲೈನ್ ಕಡಿದಾಗ ರೂಟರ್ ಆನ್ ಇರೋದ್ರಿಂದ ಲ್ಯಾಪ್‌ಟಾಪ್‌ಗೆ ‘ಸಂಪರ್ಕ ಇದೆ’ ಅನ್ನಿಸುತ್ತೆ. ಗೇಮ್ ಸರ್ವರ್‌ಗೆ ಕಾಯ್ತಾ ಕಪ್ಪು ಪರದೆಯಲ್ಲೇ ಅರ್ಧ ಒಂದು ನಿಮಿಷ ನಿಲ್ಲುತ್ತೆ. ವೈಫೈ ಪೂರ್ತಿ ಆಫ್ ಮಾಡಿ, ಕಾಯದೆ ನೇರ ಆಫ್‌ಲೈನ್‌ಗೆ ಹೋಗುತ್ತೆ.

ಮಲೆನಾಡ್_ಪಿಂಗ್

ಧನ್ಯವಾದ ಎಲ್ಲರಿಗೂ. ಡಯಾಬ್ಲೊ 4 ಕೈಬಿಟ್ಟೆ, ಎಲ್ಡನ್ ರಿಂಗ್, ಹೊರೈಜನ್ 5 ತಗೋತೀನಿ. ಒಂದು ಉಳೀತು: ತಮ್ಮ ಜಿಟಿ 7 ಬೇಕೇ ಬೇಕು ಅಂತಾನೆ. ಫೈಬರ್ ಹೋದಾಗ ಮೊಬೈಲ್ ಹಾಟ್‌ಸ್ಪಾಟ್ ಸಾಕಾಗುತ್ತಾ? ದಿನಕ್ಕೆ 1.5 ಜಿಬಿ ಪ್ಲಾನ್.

ಕೆಂಪು_ಲಾಸ್_ಲೈಟ್

ಆಡೋಕೆ ಸಾಕು ಗುರು. ಇಂಥ ಗೇಮ್ ಗಂಟೆಗೆ ತಗೊಳ್ಳೋದು ಹೆಚ್ಚಂದ್ರೆ ನೂರು ನೂರೈವತ್ತು ಎಂಬಿ. ಕಂಪ್ಯೂಟರ್ ಕಾರುಗಳ ಜತೆ ಓಡಿಸುವಾಗ ಪಿಂಗ್ (ಸರ್ವರ್‌ನಿಂದ ಉತ್ತರ ಬರೋ ಹೊತ್ತು) 150 ಮಿಲಿಸೆಕೆಂಡ್ ಇದ್ರೂ ಚಿಂತೆ ಇಲ್ಲ. ಪ್ಲಾನ್ ತಿನ್ನೋದು ಪ್ಯಾಚ್. ಹಾಗಾಗಿ ಹಾಟ್‌ಸ್ಪಾಟ್ ಜೋಡಿಸೋ ಮುಂಚೆ ಪಿಎಸ್5ರ ಸೆಟ್ಟಿಂಗ್ಸ್‌ನಲ್ಲಿ ಸಿಸ್ಟಮ್ ಅಪ್‌ಡೇಟ್, ಗೇಮ್ ಅಪ್‌ಡೇಟ್ ಎರಡರ ಆಟೊ ಡೌನ್‌ಲೋಡ್ ಆಫ್ ಮಾಡಿ. ಲ್ಯಾಪ್‌ಟಾಪ್ ಕೂಡ ಅದಕ್ಕೇ ಜೋಡಿಸ್ತೀರಾದ್ರೆ ವಿಂಡೋಸ್‌ನಲ್ಲಿ ಆ ಸಂಪರ್ಕಕ್ಕೆ ‘ಮೀಟರ್ಡ್’ (ಡೇಟಾ ಮಿತಿ ಇದೆ ಅನ್ನೋ ಗುರುತು) ಹಾಕಿ.

ರೇಸ್ ನಡುವೆ ಮಾತ್ರ ಬದಲಾಯಿಸೋಕೆ ಹೋಗಬೇಡಿ. ಫೈಬರ್‌ನಿಂದ ಮೊಬೈಲ್‌ಗೆ ಹೋದಾಗ ನಿಮ್ಮ ಹೊರಗಿನ ಐಪಿ ವಿಳಾಸ ಬದಲಾಗುತ್ತೆ, ಹಳೇ ಸೆಷನ್ ಸರ್ವರ್‌ಗೆ ಸತ್ತ ಹಾಗೆ. ಎರಡೇ ಸೆಕೆಂಡಲ್ಲಿ ನೆಟ್ ಬಂದ್ರೂ ಮತ್ತೆ ಲಾಗಿನ್ ಆಗಲೇಬೇಕು. ಮೋಡ ಕಟ್ಟಿದ್ರೆ ಮೊದಲೇ ಹಾಟ್‌ಸ್ಪಾಟ್‌ಗೆ ಹಾಕಿ ಆಮೇಲೆ ರೇಸ್ ಶುರು ಮಾಡಲಿ. ಫೋನ್ ಚಾರ್ಜರ್‌ಗೆ ಹಾಕಿ ಒಂದೇ ಕಡೆ ಇಟ್ಟಿರಿ, ಜೇಬಲ್ಲಿ ಇಟ್ಕೊಂಡು ಅಂಗಳಕ್ಕೆ ಹೋದ್ರೆ ಒಳಗಿಂದ ತಮ್ಮ ಕೂಗ್ತಾನೆ.