ಓಪನ್‌ಎಸ್‌ಎಸ್‌ಎಚ್ ಅನ್ನು ಸೋರ್ಸ್‌ನಿಂದ ಕಟ್ಟಿ ಹಾಕಿದವರು ಇದ್ದೀರಾ? ಅನುಭವ ಹೇಳಿ

ಅಂಧೇರಿ ಹೊಸಬ:
ನಮ್ಮದು ಅಂಧೇರಿಯಲ್ಲಿ ಸಣ್ಣ ಕ್ಲಿಯರಿಂಗ್ ಏಜೆಂಟ್ ಆಫೀಸು. ಎರಡು ಸರ್ವರ್ ಮಹಾಪೆಯ ಡೇಟಾ ಸೆಂಟರ್‌ನಲ್ಲಿವೆ, ಎರಡೂ ಸೆಂಟ್‌ಓಎಸ್ 7 ಲಿನಕ್ಸ್. ದೂರದಿಂದ ಲಾಗಿನ್ ಆಗಲು ಓಪನ್‌ಎಸ್‌ಎಸ್‌ಎಚ್ ಬಳಸುತ್ತೇವೆ. ಆಡಿಟ್ ರಿಪೋರ್ಟಿನಲ್ಲಿ ‘ಓಪನ್‌ಎಸ್‌ಎಸ್‌ಎಚ್ 7.4 ಹಳೆಯದು, 9.8ಕ್ಕೆ ಏರಿಸಿ’ ಅಂತ ಕೆಂಪು ಅಕ್ಷರದಲ್ಲಿ ಬರೆದಿದ್ದಾರೆ. ರೆಡಿ ಪ್ಯಾಕೇಜ್ ಹಾಕುವ ಯಮ್‌ನಲ್ಲಿ ಹೊಸದು ಸಿಗುತ್ತಿಲ್ಲ. ಸೋರ್ಸ್ (ಮೂಲ ಕೋಡು) ಇಳಿಸಿ ಕಂಪೈಲ್ ಮಾಡಬೇಕು ಅಂತ ಕಾಣುತ್ತದೆ. ಲಾಗಿನ್ ತಪಾಸಣೆಯ ಪ್ಯಾಮ್ ಬೇಕೇ ಬೇಕು, ಯಾವ ಪ್ರೋಗ್ರಾಂ ಏನು ಮುಟ್ಟಬಹುದು ಅಂತ ಕಾಯುವ ಎಸ್‌ಇಲಿನಕ್ಸ್ ಆನ್ ಇದೆ. ಮಾಡಿದವರು ಇದ್ದರೆ ಸ್ವಲ್ಪ ಹೇಳಿ ಮಾರಾಯ್ರೆ.

ಡೊಂಬಿವಲಿ ರಾತ್ರಿಪಾಳಿ:
ಮಾಡಿದ್ದೇನೆ. ಇನ್ನು ಈ ಜನ್ಮದಲ್ಲಿ ಮಾಡುವುದಿಲ್ಲ.

ನಮ್ಮದೂ ಸೆಂಟ್‌ಓಎಸ್ 7, ನಮ್ಮದೂ ಮಹಾಪೆ. ಹಾಕಿದ್ದು 9.6. ಮೊದಲ ತಲೆನೋವು ಅದಕ್ಕೆ ಬೇಕಾದ ಗೂಢಲಿಪಿ ಲೈಬ್ರರಿ ಓಪನ್‌ಎಸ್‌ಎಸ್‌ಎಲ್. ಓಪನ್‌ಎಸ್‌ಎಸ್‌ಎಚ್ 9.4ರಿಂದ ಮುಂದೆ ಓಪನ್‌ಎಸ್‌ಎಸ್‌ಎಲ್ 1.1.1 ಇಲ್ಲದೆ ಕಾನ್ಫಿಗರ್ (ಕಟ್ಟುವ ಮೊದಲಿನ ತಪಾಸಣೆ) ಮುಂದಕ್ಕೇ ಹೋಗುವುದಿಲ್ಲ, ಸೆಂಟ್‌ಓಎಸ್ 7ರಲ್ಲಿ ಇರುವುದು 1.0.2. ಸರಿ, ಅದನ್ನೂ ಸೋರ್ಸ್‌ನಿಂದ ಕಟ್ಟಿ ಆಪ್ಟ್ ಫೋಲ್ಡರ್‌ನೊಳಗೆ ಹಾಕಿದೆ. ಆಮೇಲೆ ಝಡ್‌ಲಿಬ್ ಹೆಡರ್ ಇಲ್ಲ ಅಂತ ನಿಂತಿತು. ಅದೂ ಆಯಿತು. ಮೇಕ್ ಮುಗಿಯಿತು, ಇನ್‌ಸ್ಟಾಲ್ ಮುಗಿಯಿತು. ಅಷ್ಟರಲ್ಲಿ ಬಾಸ್ ಫೋನು: ‘ಹೇಗೂ ಡೌನ್‌ಟೈಮ್ ತಗೊಂಡಿದ್ದೀವಿ, ಕರ್ನಲ್ಲೂ ಅಪ್‌ಡೇಟ್ ಆಗಲಿ, ರೀಬೂಟ್ ಹೊಡಿ.’ ಬೇಡ ಸಾರ್ ಅಂದೆ. ಕೇಳಲಿಲ್ಲ. ಹೊಡೆದೆ.

ಮೆಷಿನ್ ಎದ್ದಿತು, ಪಿಂಗ್ ಬಂತು, ಲಾಗಿನ್ ಮಾತ್ರ ಇಲ್ಲ. ‘ಕನೆಕ್ಷನ್ ರೆಫ್ಯೂಸ್ಡ್.’

ಡೇಟಾ ಸೆಂಟರ್‌ನವರಿಗೆ ಟಿಕೆಟ್ ಹಾಕಿದೆ, ಸ್ವಲ್ಪ ನೋಡಿ ಹೇಳಿ ಅಂತ. ಅವರ ಹುಡುಗ ಹೋಗಿ ನೋಡಿ ‘ಲಾಗಿನ್ ಸ್ಕ್ರೀನ್ ಬರ್ತಿದೆ, ಎಲ್ಲ ಸರಿ ಇದೆ’ ಅಂದ. ಅಷ್ಟಕ್ಕೆ ಅರ್ಧ ಗಂಟೆಯ ಚಾರ್ಜ್ 2,500, ಮೇಲೆ 18% ಜಿಎಸ್‌ಟಿ, ಒಟ್ಟು 2,950. ಆ ಹೊತ್ತಿಗೆ ಲೋಕಲ್ ಎಲ್ಲಿರುತ್ತದೆ? ಶಿಳ್‌ಫಾಟಾ ರಸ್ತೆಯಲ್ಲಿ ಟ್ಯಾಕ್ಸಿ, ಕಾಯುವುದೂ ಸೇರಿ 1,850. ಅಲ್ಲಿ ಹೋದರೆ ಮಾನಿಟರ್, ಕೀಬೋರ್ಡ್ ಇರುವ ಟ್ರಾಲಿಗೆ ಬಾಡಿಗೆ 600. ಎರಡು ವಡಾಪಾವ್, ಒಂದು ಕಟಿಂಗ್, 55. ಕೂಡಿಸಿ ನೋಡಿ, 5,455. ಟ್ಯಾಕ್ಸಿ ಬಿಲ್ಲು ಇವತ್ತಿಗೂ ಪಾಸಾಗಿಲ್ಲ.

ಕನ್ಸೋಲ್‌ನಲ್ಲಿ ಕಂಡದ್ದು: ಸರ್ವರ್‌ನ ಗುರುತಿನ ಕೀ, ಅಂದರೆ ಹೋಸ್ಟ್ ಕೀ ಫೈಲುಗಳ ಪರ್ಮಿಷನ್ 0640. ಸೆಂಟ್‌ಓಎಸ್ ಅವನ್ನು ‘ಎಸ್‌ಎಸ್‌ಎಚ್ ಕೀಸ್’ ಅನ್ನುವ ಗ್ರೂಪಿಗೆ ಓದಲು ಬಿಟ್ಟಿರುತ್ತದೆ, ಅವರ ಪ್ಯಾಕೇಜಿನಲ್ಲಿ ಅದಕ್ಕೆ ಪ್ಯಾಚ್ ಇದೆ. ಮೂಲ ಸೋರ್ಸ್‌ಗೆ ಆ ದಾಕ್ಷಿಣ್ಯ ಇಲ್ಲ. ‘ಟೂ ಓಪನ್’ ಅಂತ ಒಂದೊಂದೇ ಕೀ ತಳ್ಳಿಹಾಕಿ, ಕೊನೆಗೆ ‘ನೋ ಹೋಸ್ಟ್‌ಕೀಸ್ ಅವೈಲಬಲ್, ಎಕ್ಸಿಟಿಂಗ್’ ಅಂತ ಮಲಗಿಬಿಟ್ಟಿತ್ತು. 0600 (ರೂಟ್ ಒಬ್ಬನಿಗೇ ಓದು-ಬರಹ) ಮಾಡಿದೆ, ಎದ್ದಿತು.

ಮುಗೀತು ಅಂದುಕೊಂಡು ಟ್ಯಾಕ್ಸಿ ಹತ್ತಿದರೆ ಮತ್ತೆ ಫೋನು. ಒಂದೂವರೆ ನಿಮಿಷ ಲಾಗಿನ್ ಆಗುತ್ತದೆ, ಆಮೇಲೆ ಇಲ್ಲ, ಸ್ವಲ್ಪ ಹೊತ್ತಿಗೆ ಮತ್ತೆ ಆಗುತ್ತದೆ. ಇದು ಸರ್ವಿಸ್‌ಗಳನ್ನು ಎಬ್ಬಿಸಿ ಕಾಯುವ ಸಿಸ್ಟಮ್‌ಡಿ ಕಾಟ. ಹಳೆಯ ಯೂನಿಟ್ ಫೈಲ್‌ನಲ್ಲಿ ಟೈಪ್ ‘ನೋಟಿಫೈ’ ಅಂತ ಇರುತ್ತದೆ. ‘ನಾನು ರೆಡಿ’ ಅಂತ ಹೇಳುವ ಕೋಡು 9.6ರ ಮೂಲ ಸೋರ್ಸ್‌ನಲ್ಲಿ ಇಲ್ಲ. ಸಿಸ್ಟಮ್‌ಡಿ 90 ಸೆಕೆಂಡ್ ಕಾದು ಕೊಲ್ಲುತ್ತದೆ, 42 ಸೆಕೆಂಡ್ ಬಿಟ್ಟು ಮತ್ತೆ ಎಬ್ಬಿಸುತ್ತದೆ. ‘ಸಿಂಪಲ್’ ಅಂತ ಬದಲಾಯಿಸಿದ ಮೇಲೆ ನಿಂತಿತು.

ಹಿಂಜವಡಿ ಫೇಜ್ ಮೂರು:
ಅಯ್ಯೋ ದೇವರೇ. ಇಷ್ಟೆಲ್ಲ ಯಾಕ್ರೀ?

2024ರ ಜುಲೈ 1ಕ್ಕೆ ಬಂದ, ರೆಗ್ರೆಶನ್ ಅನ್ನುವ ಓಪನ್‌ಎಸ್‌ಎಸ್‌ಎಚ್ ತೂತಿನ ಗದ್ದಲದ ಮೇಲೇ ಅಲ್ವಾ ಎಲ್ಲ ಆಡಿಟರ್‌ಗಳೂ 9.8, 9.8 ಅಂತ ಹಾಡಲು ಶುರು ಮಾಡಿದ್ದು? ಆ ಸಿವಿಇ-2024-6387 ತಗಲುವುದು 8.5ಪಿ1ರಿಂದ 9.7ಪಿ1ರವರೆಗೆ. ಆಮೇಲೆ 4.4ಕ್ಕಿಂತ ಹಿಂದಿನ ಪುರಾತನ ಆವೃತ್ತಿಗಳಿಗೆ. 7.4 ಅದರಲ್ಲಿ ಬರುವುದೇ ಇಲ್ಲ! 2006ರಲ್ಲಿ ಮುಚ್ಚಿದ್ದ ತೂತು 8.5ರಲ್ಲಿ ಮತ್ತೆ ತೆರೆದುಕೊಂಡಿತ್ತು, ಅಷ್ಟೇ. ಅಂದರೆ ಡೊಂಬಿವಲಿಯವರು 7.4 ತೆಗೆದು 9.6 ಹಾಕಿ, ಇಲ್ಲದ ತೂತನ್ನು ದುಡ್ಡು ಕೊಟ್ಟು ತಂದುಕೊಂಡರು.

ಸ್ಕ್ಯಾನರ್ ನೋಡುವುದು ಬ್ಯಾನರ್‌ನಲ್ಲಿರುವ ಆವೃತ್ತಿ ನಂಬರ್ ಒಂದನ್ನೇ. ಡಿಸ್ಟ್ರೋದವರು (ಸೆಂಟ್‌ಓಎಸ್‌ನಂಥ ಲಿನಕ್ಸ್ ಕೊಡುವವರು) ನಂಬರ್ ಬದಲಿಸದೆ ಪ್ಯಾಚ್ ಹಾಕಿರುತ್ತಾರೆ ಅನ್ನುವುದು ಅದಕ್ಕೆ ಗೊತ್ತಿಲ್ಲ. ನಾನು ಒಂದು ಹಾಳೆಯ ಉತ್ತರ ಬರೆದೆ. ಪ್ಯಾಕೇಜಿನ ಚೇಂಜ್‌ಲಾಗ್ ಲಗತ್ತಿಸಿದೆ. ಟೆರಾಪಿನ್ ಅನ್ನುವ ಇನ್ನೊಂದು ತೂತಿಗೆ ಚಾಚಾ20 ಸೈಫರ್ ಮತ್ತು ಇಟಿಎಮ್ ಮ್ಯಾಕ್‌ಗಳನ್ನು ಕಾನ್ಫಿಗ್‌ನಿಂದ ತೆಗೆದು ಅದನ್ನೂ ತೋರಿಸಿದೆ. ಆಡಿಟರ್ ಸಹಿ ಹಾಕಿದರು. ಖರ್ಚು ಸೊನ್ನೆ.

ಡೊಂಬಿವಲಿ ರಾತ್ರಿಪಾಳಿ:
ನಾನು 9.6 ಹಾಕಿದಾಗ ಜುಲೈ ಇನ್ನೂ ಬಂದಿರಲಿಲ್ಲ ಸ್ವಾಮಿ. ಬುದ್ಧಿವಂತಿಕೆ ಹೇಳುವ ಮೊದಲು ಕೇಳಿ. ಮತ್ತೆ ಸೆಂಟ್‌ಓಎಸ್ 7ಕ್ಕೆ ಜೂನ್ 30ಕ್ಕೇ ಎಳ್ಳುನೀರು ಬಿಟ್ಟಾಯಿತು. ಇನ್ನು ಮೇಲೆ ಪ್ಯಾಚ್ ಯಾರು ಹಾಕುತ್ತಾರೆ, ನಿಮ್ಮ ಒಂದು ಹಾಳೆಯ ಉತ್ತರವಾ?

ಹಿಂಜವಡಿ ಫೇಜ್ ಮೂರು:
ಓಎಸ್ಸೇ ಸತ್ತಿದ್ದರೆ ಓಎಸ್ ಬದಲಿಸಬೇಕು. ಅಂದಹಾಗೆ ನೀವು ಕಟ್ಟಿದ ಓಪನ್‌ಎಸ್‌ಎಸ್‌ಎಲ್ 1.1.1ಕ್ಕೂ 2023ರ ಸೆಪ್ಟೆಂಬರ್‌ನಲ್ಲೇ ಉಚಿತ ಬೆಂಬಲ ಮುಗಿದಿದೆ.

ವೆರ್ಣಾ ಪ್ಲಾಂಟ್:
ನೀವಿಬ್ಬರೂ ಅಸಲಿ ವಿಷಯ ಬಿಟ್ಟಿರಿ. ನಮ್ಮ ಗೋವಾ ಪ್ಲಾಂಟಿನಲ್ಲಿ ಆದದ್ದು ಕೇಳಿ.

ನಮ್ಮಲ್ಲಿ ಮುಂಚಿನಿಂದಲೂ ಹೋಸ್ಟ್ಸ್ ಡಿನೈ ಫೈಲ್‌ನಲ್ಲಿ ಎಲ್ಲರನ್ನೂ ತಡೆದು, ಹೋಸ್ಟ್ಸ್ ಅಲೋದಲ್ಲಿ ಪುಣೆ ಆಫೀಸಿನ ಐಪಿಗಳನ್ನು ಮಾತ್ರ ಬಿಟ್ಟಿದ್ದೆವು. ಕಾಂಟ್ರಾಕ್ಟರ್ ಬಂದು ಸೋರ್ಸ್‌ನಿಂದ ಹೊಸದು ಹಾಕಿ, ‘ಆಯ್ತು ಸರ್’ ಅಂದು, 18,000 ಎಣಿಸಿಕೊಂಡು ಹೋದ. ಲಾಗಿನ್ ಚೆನ್ನಾಗಿತ್ತು, ದೂರು ಇರಲಿಲ್ಲ. ಒಂದು ದಿನ ಲಾಗ್‌ಗಳಿರುವ ವಾರ್ ಪಾರ್ಟಿಷನ್ ತುಂಬಿ ಪ್ರೊಡಕ್ಷನ್ ರಿಪೋರ್ಟ್ ನಿಂತಿತು. ನೋಡಿದರೆ ಸೆಕ್ಯೂರ್ ಲಾಗ್ ಉಬ್ಬಿಹೋಗಿದೆ. ರೂಟ್, ಅಡ್ಮಿನ್, ಒರಾಕಲ್, ಟೆಸ್ಟ್ ಅಂತ ಲೋಕದವರೆಲ್ಲ ಬಾಗಿಲು ಬಡಿಯುತ್ತಿದ್ದಾರೆ.

ಕಾರಣ? ಆ ಎರಡು ಫೈಲು ಓದುವ ಟಿಸಿಪಿ ರ‍್ಯಾಪರ್ಸ್ ಬೆಂಬಲವನ್ನು ಓಪನ್‌ಎಸ್‌ಎಸ್‌ಎಚ್‌ನವರು 2014ರಲ್ಲೇ, 6.7ರಲ್ಲಿ, ಕಿತ್ತುಹಾಕಿದ್ದಾರೆ. ಸೆಂಟ್‌ಓಎಸ್ 7 ಅದನ್ನು ಪ್ಯಾಚ್ ಮಾಡಿ ಉಳಿಸಿಕೊಂಡಿತ್ತು. ಮೂಲ ಸೋರ್ಸ್ ಹಾಕಿದ ಕ್ಷಣಕ್ಕೆ ಆ ಎರಡೂ ಫೈಲು ಬರೀ ಕಾಗದ. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಕಾಂಟ್ರಾಕ್ಟರ್‌ಗೆ ಫೋನ್ ಮಾಡಿದರೆ ‘ಅದು ಸ್ಕೋಪ್‌ನಲ್ಲಿ ಇರಲಿಲ್ಲ’. ಫೈರ್‌ವಾಲ್‌ನಲ್ಲಿ ರೂಲ್ ಬರೆಯಲು ಮತ್ತೆ 6,000 ಕೇಳಿದ! ನಾನೇ ಬರೆದೆ.

ಇಷ್ಟೇ ಅಲ್ಲ. ಹೊಸ ಕ್ಲೈಂಟ್‌ನಿಂದ ನಮ್ಮ ಹಳೆಯ ಸ್ವಿಚ್‌ಗಳಿಗೆ ಹೋಗಲಾಗುವುದಿಲ್ಲ. 8.8ರಿಂದ ಶಾ-1 ಮೇಲಿನ ಆರ್‌ಎಸ್‌ಎ ಸಹಿ (ಅವುಗಳಿಗೆ ಗೊತ್ತಿರುವ ಹಳೆಯ ಬಗೆ) ಡಿಫಾಲ್ಟಾಗಿ ಬಂದ್. ಲೈನ್‌ನಲ್ಲಿರುವ ಡೇಟಾ ಲಾಗರ್‌ಗೆ ಎಸ್‌ಸಿಪಿಯಿಂದ ಫೈಲ್ ಕಾಪಿಯೂ ಹೋಗುತ್ತಿರಲಿಲ್ಲ. 9.0ರಿಂದ ಎಸ್‌ಸಿಪಿ ಒಳಗಿನಿಂದ ಎಸ್‌ಎಫ್‌ಟಿಪಿ ಮಾತಾಡುತ್ತದೆ, ಆ ಡಬ್ಬಕ್ಕೆ ಅದು ಬರುವುದಿಲ್ಲ. ದೊಡ್ಡ ‘ಓ’ ಫ್ಲಾಗ್ ಕೊಟ್ಟರೆ ಹಳೆ ರೀತಿ ಹೋಗುತ್ತದೆ.

ಡೊಂಬಿವಲಿ ರಾತ್ರಿಪಾಳಿ:
ಲಾಗ್ ತುಂಬಿ ಡಿಸ್ಕ್ ನಿಲ್ಲುವವರೆಗೂ ಯಾರೂ ನೋಡಲಿಲ್ಲವಾ? ಗೋವಾದಲ್ಲಿ ಕೆಲಸ ಯಾವ ಹೊತ್ತಿಗೆ ಶುರುವಾಗುತ್ತದೆ?

ವೆರ್ಣಾ ಪ್ಲಾಂಟ್:
ನಮ್ಮದು ಮೂರು ಶಿಫ್ಟ್. ಗೋವಾ ಅಂದ ಕೂಡಲೇ ಬೀಚ್ ನೆನಪಾಗುವವರು ಒಮ್ಮೆ ವೆರ್ಣಾ ಇಂಡಸ್ಟ್ರಿಯಲ್ ಎಸ್ಟೇಟಿಗೆ ಬಂದು ನೋಡಿ. ನಾನು ಯಾರ ಬಾಸ್ ಹೇಳಿದರೂ ನಡುರಾತ್ರಿ ರೀಬೂಟ್ ಹೊಡೆಯುವವನಲ್ಲ.

ಮಾಟುಂಗಾ ಹಳಬ:
ಹುಡುಗರೇ, ಸೋರ್ಸ್‌ನ ತಪ್ಪಲ್ಲ, ಕಟ್ಟಿದವರ ತಪ್ಪು. ನಾನು ಓಪನ್‌ಎಸ್‌ಎಸ್‌ಎಚ್ 3ರ ಕಾಲದಿಂದ ಕಟ್ಟುತ್ತಿದ್ದೇನೆ. ಒಮ್ಮೆಯೂ ಹೊರಗೆ ಸಿಕ್ಕಿಬಿದ್ದಿಲ್ಲ.

ಸಿಸ್ಟಮ್‌ನದ್ದನ್ನು ಮುಟ್ಟುವುದೇ ಇಲ್ಲ. ಹೊಸದಕ್ಕೆ ಆಪ್ಟ್‌ನಲ್ಲಿ ಬೇರೆ ಪ್ರಿಫಿಕ್ಸ್ (ಹಾಕುವ ಜಾಗ), ಬೇರೆ ಕಾನ್ಫಿಗ್, 2222 ಪೋರ್ಟ್. ಹಳೆಯ ಕೀಗಳನ್ನು ಅಲ್ಲಿಗೆ ನಕಲು ಮಾಡಿ 0600 ಕೊಡಿ. ಇಲ್ಲದಿದ್ದರೆ ಇನ್‌ಸ್ಟಾಲ್ ತಾನೇ ಹೊಸ ಕೀ ಹುಟ್ಟಿಸುತ್ತದೆ, ಆಫೀಸಿನವರೆಲ್ಲ ‘ಹೋಸ್ಟ್ ಐಡೆಂಟಿಫಿಕೇಷನ್ ಚೇಂಜ್ಡ್’ ಅಂತ ಬೊಬ್ಬೆ ಹೊಡೆಯುತ್ತಾರೆ. ವಾರ್ ಎಂಪ್ಟಿ ಅನ್ನುವ ಖಾಲಿ ಫೋಲ್ಡರ್ ರೂಟ್‌ನದ್ದಾಗಿರಬೇಕು, ಬೇರೆಯವರಿಗೆ ಬರೆಯುವ ಹಕ್ಕು ಇರಬಾರದು. ಸಣ್ಣ ‘ಟಿ’ ಫ್ಲಾಗ್‌ನಿಂದ ಕಾನ್ಫಿಗ್ ತಪಾಸಣೆ. ಹೊಸ ಪೋರ್ಟಿನಲ್ಲಿ ಒಂದು ವಾರ ಓಡಿದ ಮೇಲಷ್ಟೇ ಮಾಮೂಲಿ 22 ಪೋರ್ಟ್.

ಟಾರ್‌ಬಾಲ್‌ನ (ಸೋರ್ಸ್ ಗಂಟು) ಸಹಿ ನೋಡದೆ ಬಿಚ್ಚುವುದಿಲ್ಲ, ರೂಟ್ ಆಗಿ ಕಂಪೈಲ್ ಮಾಡುವುದಿಲ್ಲ. 2002ರ ಆಗಸ್ಟ್ ನೆನಪಿದೆಯಾ ಯಾರಿಗಾದರೂ? ಓಪನ್‌ಬಿಎಸ್‌ಡಿ ಎಫ್‌ಟಿಪಿಯಲ್ಲೇ 3.4ಪಿ1 ಟಾರ್‌ಬಾಲ್‌ಗೆ ಕಳ್ಳಕೋಡು ಸೇರಿಸಿದ್ದರು. ಕಟ್ಟುವಾಗಲೇ ಓಡಿ ಹೊರಗಿನ ಒಂದು ಮೆಷಿನ್‌ನ 6667 ಪೋರ್ಟಿಗೆ ಫೋನು ಹಾಕುತ್ತಿತ್ತು, ಕಟ್ಟಿದವನ ಹಕ್ಕಿನಲ್ಲೇ ಶೆಲ್ ಕೊಡುತ್ತಿತ್ತು.

ಇನ್ನು ಡಿಸ್ಟ್ರೋ ಪ್ಯಾಚ್ ಅಂತ ಕೊಂಡಾಡುವ ಹಿಂಜವಡಿಯ ಪುಣೆಯವರಿಗೆ: 2024ರ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್‌ನ ಹಿಂಬಾಗಿಲು ಓಪನ್‌ಎಸ್‌ಎಸ್‌ಎಚ್‌ನ ಸರ್ವರ್ ಪ್ರೋಗ್ರಾಂ ಎಸ್‌ಎಸ್‌ಎಚ್‌ಡಿಗೆ ನುಗ್ಗಿದ್ದು ಅದೇ ಪ್ಯಾಚ್‌ನಿಂದ. ನೋಟಿಫೈಗಾಗಿ ಲಿಬ್‌ಸಿಸ್ಟಮ್‌ಡಿ ಜೋಡಿಸಿದರು, ಅದರ ಬಾಲ ಹಿಡಿದು ಎಕ್ಸ್‌ಝಡ್‌ನ ಲಿಬ್‌ಎಲ್‌ಝಡ್‌ಎಮ್‌ಎ ಬಂತು. ಮೂಲ ಸೋರ್ಸ್‌ನಿಂದ ಕಟ್ಟಿದವರು ತಣ್ಣಗೆ ಮಲಗಿದ್ದರು.

ಹಿಂಜವಡಿ ಫೇಜ್ ಮೂರು:
ಹಿರಿಯರೇ, ಅರ್ಧ ಕಥೆ ಹೇಳಬೇಡಿ. ಎಕ್ಸ್‌ಝಡ್ 5.6.0, 5.6.1ರ ಟಾರ್‌ಬಾಲ್‌ಗಳಿಗೆ ಸಹಿ ಸರಿಯಾಗಿಯೇ ಇತ್ತು. ಸಹಿ ಹಾಕಿದವನೇ ಕಳ್ಳ. ಎಲ್ಲರಿಗೂ ಕಾಣುವ ಗಿಟ್ ಕೋಡಿನಲ್ಲಿ ಇಲ್ಲದ ಬಿಲ್ಡ್ ಸ್ಕ್ರಿಪ್ಟು ಟಾರ್‌ಬಾಲ್‌ನೊಳಗಿತ್ತು. ನಿಮ್ಮ ಸಹಿ ತಪಾಸಣೆ ಅಲ್ಲಿ ಏನು ಮಾಡುತ್ತಿತ್ತು? ಹಿಡಿದದ್ದು ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಕೆದಕಿದ ಆಂಡ್ರೆಸ್ ಫ್ರಾಯಿಂಡ್. ಸೆಂಟ್‌ಓಎಸ್ 7ರ ಎಕ್ಸ್‌ಝಡ್ 5.2, ಅದಕ್ಕೆ ಏನೂ ಆಗಲಿಲ್ಲ. ಹಳೆಯದಾಗಿದ್ದಕ್ಕೇ ಬಚಾವ್.

ಮಾಟುಂಗಾ ಹಳಬ:
ಹಳೆಯದೇ ಒಳ್ಳೆಯದು ಅನ್ನುವುದಾದರೆ ಗೂಢಲಿಪಿಯೇ ಇಲ್ಲದ ಟೆಲ್‌ನೆಟ್ ಹಾಕಿಕೊಳ್ಳಿ.

ಅಂಧೇರಿ ಹೊಸಬ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಪ್ಯಾಮ್ ಬಗ್ಗೆ ಯಾರೂ ಹೇಳಲೇ ಇಲ್ಲ. ಮತ್ತೆ 2222ರಲ್ಲಿ ಕೈಯಿಂದ ಓಡಿಸಿದರೆ ಸರಿ ಇದೆ, ಸಿಸ್ಟಮ್‌ಡಿಯಿಂದ ಎಬ್ಬಿಸಿದರೆ ‘ಪರ್ಮಿಷನ್ ಡಿನೈಡ್’.

ವೆರ್ಣಾ ಪ್ಲಾಂಟ್:
ಎಸ್‌ಇಲಿನಕ್ಸ್. ಸೆಟ್‌ಎನ್‌ಫೋರ್ಸ್ ಸೊನ್ನೆ ಮಾಡಿ, ಎರಡು ನಿಮಿಷದ ಕೆಲಸ.

ಮಾಟುಂಗಾ ಹಳಬ:
ಆ ಕಾಂಟ್ರಾಕ್ಟರ್ ನಿಮಗೆ ಸಿಕ್ಕಿದ್ದು ಸರಿಯಾಗಿಯೇ ಇದೆ. ಹೊಸಬರೇ, ಎಸ್‌ಇಲಿನಕ್ಸ್ ಆಫ್ ಮಾಡಬೇಡಿ. ಅದರ ಸೆಮ್ಯಾನೇಜ್ ಕಮಾಂಡ್‌ನಿಂದ 2222ಕ್ಕೆ ಎಸ್‌ಎಸ್‌ಎಚ್ ಪೋರ್ಟ್ ಟೈಪ್ ಕೊಡಿ. ಪ್ಯಾಮ್‌ಗೆ ಮೊದಲು ಪ್ಯಾಮ್-ಡೆವೆಲ್ ಹಾಕಿ, ಕಾನ್ಫಿಗರ್‌ಗೆ ವಿತ್-ಪ್ಯಾಮ್ ಕೊಡಿ. ಕೊಡದಿದ್ದರೆ ಯೂಸ್‌ಪ್ಯಾಮ್ ಸಾಲಿಗೆ ‘ಅನ್‌ಸಪೋರ್ಟೆಡ್ ಆಪ್ಷನ್’ ಅಂತ ಒಂದು ಸಾಲು ಗೊಣಗಿ ಮುಂದೆ ಹೋಗುತ್ತದೆ, ಎಲ್‌ಡ್ಯಾಪ್ (ಕೇಂದ್ರ ಪಟ್ಟಿಯ) ಯೂಸರ್‌ಗಳೆಲ್ಲ ಹೊರಗೆ. 9.8ಕ್ಕಿಂತ ಮುಂಚಿನದಾದರೆ ಬೈನರಿಯ ಹೆಸರು ಬದಲಿಸಬೇಡಿ, ಆ ಹೆಸರಿನಲ್ಲೇ ಪ್ಯಾಮ್ ಫೈಲ್ ಹುಡುಕುತ್ತದೆ. 9.8ರಿಂದ ಪ್ಯಾಮ್‌ಸರ್ವಿಸ್‌ನೇಮ್ ಅಂತ ಬೇರೆ ಆಪ್ಷನ್ ಇದೆ.

ವೆರ್ಣಾ ಪ್ಲಾಂಟ್:
ಸೆಮ್ಯಾನೇಜ್ ಮಿನಿಮಲ್ ಇನ್‌ಸ್ಟಾಲ್‌ನಲ್ಲಿ ಇರುವುದೇ ಇಲ್ಲ ಹಿರಿಯರೇ, ಮೊದಲು ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್ ಹಾಕಬೇಕು. ಅರ್ಧ ಕಥೆ ಹೇಳುವುದು ನಿಮಗೆ ಅಭ್ಯಾಸ ಅಂತ ಪುಣೆಯವರು ಸುಮ್ನೆ ಹೇಳಲಿಲ್ಲ.

ಹಿಂಜವಡಿ ಫೇಜ್ ಮೂರು:
ನನ್ನನ್ನು ಇದಕ್ಕೆ ಎಳೆಯಬೇಡಿ. ಸೆಟ್‌ಎನ್‌ಫೋರ್ಸ್ ಸೊನ್ನೆ ಅಂದವರ ಪಕ್ಷ ನಾನಲ್ಲ.