ಅಪ್‌ಡೇಟ್: ಅಮ್ಮನ ಜೊತೆ ನಾರಾದಲ್ಲಿ ಅರ್ಧ ದಿನದ ನಡಿಗೆ

ಮಂಡಿನೋವಿರುವ ಅಮ್ಮನನ್ನು ಕರೆದುಕೊಂಡು ಜಪಾನಿನ ನಾರಾದ ದೇವಸ್ಥಾನಗಳನ್ನು ಅರ್ಧ ದಿನದಲ್ಲಿ ನಡೆದೇ ನೋಡಬಹುದಾ ಅಂತ ಇಲ್ಲಿ ಕೇಳಿದ್ದೆ. ನೋಡಬಹುದು. ಹೋಗಿ ಬಂದೆವು.

ಕಿಂಟೆಟ್ಸು ನಾರಾ ಸ್ಟೇಷನ್ನಿಂದ ಐದು ನಿಮಿಷಕ್ಕೆ ಕೋಫುಕುಜಿ ಬೌದ್ಧ ದೇವಸ್ಥಾನ. ಐದಂತಸ್ತಿನ ಗೋಪುರವನ್ನು ದುರಸ್ತಿಗೆ ಪೂರ್ತಿ ಮುಚ್ಚಿದ್ದರು, ನಿಲ್ಲಲಿಲ್ಲ. ಪಾರ್ಕಿನಲ್ಲಿ ಓಡಾಡುವ ಜಿಂಕೆಗಳಿಗೆ ಹಾಕೋ ಬಿಸ್ಕತ್ತು ಕೊಂಡದ್ದೇ ತಪ್ಪಾಯ್ತು. ಜಿಂಕೆಗಳು ತಲೆಬಾಗಿಸಿ ನಮಸ್ಕಾರ ಮಾಡ್ತವೆ ಅಂತ ಅಮ್ಮ ಕರಗಿಹೋದರು. ಎರಡೇ ನಿಮಿಷಕ್ಕೆ ಸೆರಗಿಗೇ ಬಾಯಿ ಹಾಕಿದವು.

ದೊಡ್ಡ ಬುದ್ಧನಿರುವ ತೊಡೈಜಿ ದೇವಸ್ಥಾನದಲ್ಲೇ ಒಂದೂವರೆ ಗಂಟೆ ಕಳೆಯಿತು. ಸುಮಾರು 15 ಮೀಟರ್ ಎತ್ತರದ ಕಂಚಿನ ಬುದ್ಧ. 752ರಲ್ಲಿ ಅದಕ್ಕೆ ಕಣ್ಣು ಬರೆದವರು ಭಾರತದಿಂದ ಹೋಗಿದ್ದ ಭಿಕ್ಷು ಬೋಧಿಸೇನ. ಕುಂಚಕ್ಕೆ ಕಟ್ಟಿದ್ದ ಉದ್ದನೆಯ ದಾರಗಳನ್ನು ನೆರೆದವರೂ ಹಿಡಿದುಕೊಂಡಿದ್ದರಂತೆ. "ನಮ್ಮ ನೇತ್ರೋನ್ಮೀಲನವೇ ಅಲ್ವೇನೋ ಇದು" ಅಂದರು ಅಮ್ಮ. ನನಗೆ ಹೊಳೆದೇ ಇರಲಿಲ್ಲ. ಈಗಿರುವ ಮರದ ಕಟ್ಟಡ 1709ರದ್ದು, ಹಳೆಯದು ಇನ್ನೂ ಅಗಲವಾಗಿತ್ತಂತೆ. ಇದೇ ಇಷ್ಟಿದ್ದರೆ ಅದು ಎಷ್ಟಿತ್ತೋ!

ತೊಡೈಜಿಗೇ ಸೇರಿದ, ಗುಡ್ಡದ ಮೇಲಿನ ನಿಗತ್ಸುದೋ ಮಂದಿರದ ಮೆಟ್ಟಿಲು ಬಿಟ್ಟುಬಿಡಿ ಅಂತ ಇಲ್ಲಿ ಇಬ್ಬರು ಹೇಳಿದ್ದಿರಿ. ಅಮ್ಮ ಕೇಳಲಿಲ್ಲ, ಕೂತು ಕೂತು ಹತ್ತಿದರು. ಮೇಲಿನ ಜಗಲಿಯಿಂದ ಇಡೀ ಊರು ಕಾಣುತ್ತೆ, ಟಿಕೆಟ್ಟೂ ಇಲ್ಲ.

ನಿಜವಾಗಿ ಕಾಡಿದ್ದು ಮೆಟ್ಟಿಲಲ್ಲ, ಕಸುಗಾ ತೈಶಾ ಅನ್ನೋ ಶಿಂಟೋ ದೇಗುಲದ ದಾರಿಯ ಜಲ್ಲಿ. ಇಕ್ಕೆಲದಲ್ಲೂ ಪಾಚಿಗಟ್ಟಿದ ಕಲ್ಲಿನ ದೀಪಗಳು, ನೋಡುತ್ತಾ ನಡೆಯೋಣವೆಂದರೆ ಕಾಲು ಜಾರುತ್ತೆ. ಕೆಂಪು ಬಾಗಿಲಲ್ಲೇ ಕೈಮುಗಿದು ವಾಪಸ್ ಬಸ್ ಹಿಡಿದೆವು. ಗಟ್ಟಿ ಅಟ್ಟೆಯ ಶೂ ಹಾಕಿಸಿ ಅಂದವರಿಗೆ ಅಮ್ಮನ ಕಡೆಯಿಂದ ಥ್ಯಾಂಕ್ಸ್.